72 ವಾರಗಳ ಬಳಿಕ

ಡಜನ್ ಲೆಕ್ಕದಲ್ಲಿ ಮೊಟ್ಟೆ ತರುವ ನಾವು ಅದನ್ನಿಟ್ಟ ಕೋಳಿಯ ವಯಸ್ಸನ್ನು ಕೇಳುವುದಿಲ್ಲ. ಫಾರಂಗಳಲ್ಲಿ ಆ ವಯಸ್ಸನ್ನು ವಾರಗಳಲ್ಲಿ ಎಣಿಸುತ್ತಾರೆ. ಲೇಯರ್ ಕೋಳಿ ವರ್ಷಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಅದರ ಮೂಲವಾದ ಕೆಂಪು ಕಾಡುಕೋಳಿ ಇಡುವುದು ಹತ್ತು-ಹದಿನೈದು ಮಾತ್ರ. 72 ವಾರ ದಾಟಿದಾಗ ಮೊಟ್ಟೆ ಕಡಿಮೆಯಾಗುತ್ತದೆ, ಸಿಪ್ಪೆ ತೆಳುವಾಗುತ್ತದೆ. (ಈಗಿನ ಕೆಲವು ತಳಿಗಳನ್ನು ಇನ್ನಷ್ಟು ಕಾಲ ಇಟ್ಟುಕೊಳ್ಳುವುದುಂಟು.) ಮೇವಿನ ಖರ್ಚು ಹುಟ್ಟದೆಂದು ಇಡೀ ಶೆಡ್ಡನ್ನೇ ಖಾಲಿ ಮಾಡಿ ಕಸಾಯಿಖಾನೆಗೆ ಕಳುಹಿಸಲಾಗುತ್ತದೆ. ಊರಕೋಳಿ ಐದಾರು ವರ್ಷ ಬದುಕುವುದನ್ನು ನಮ್ಮ ಅಜ್ಜಿಯಂದಿರು ಕಂಡಿದ್ದಾರೆ.

ಬ್ರಿಟನ್ನಿನಲ್ಲಿ ಜೇನ್ ಹೌವರ್ತ್ ಎಂಬ ಮಹಿಳೆ ಈ ಕೋಳಿಗಳಿಗೆ ಮನೆ ಹುಡುಕುವ ಕೆಲಸಕ್ಕೆ ಇಳಿದರು. ಡೆವನ್ ಪ್ರಾಂತ್ಯದಲ್ಲಿ 2005ರಲ್ಲಿ ಅವರು ಕಟ್ಟಿದ ಸಂಸ್ಥೆಯ ಈಗಿನ ಹೆಸರು ಬ್ರಿಟಿಷ್ ಹೆನ್ ವೆಲ್ಫೇರ್ ಟ್ರಸ್ಟ್. ಅದು ಇದುವರೆಗೆ 10 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಮನೆಗಳಿಗೆ ತಲುಪಿಸಿದೆ. ಬೀಗ ಮುರಿದು ಕೋಳಿ ಬಿಡಿಸುವ ಸಾಹಸ ಇಲ್ಲಿಲ್ಲ. ಫಾರಂ ಮಾಲಿಕನ ಒಪ್ಪಿಗೆಯಿಂದಲೇ ಕೋಳಿಗಳನ್ನು ಪಡೆದು, ಮೊದಲೇ ಹೆಸರು ಕೊಟ್ಟವರಿಗೆ ಗೊತ್ತಾದ ದಿನ ಹಂಚುತ್ತಾರೆ. ನನಗೆ ಮೆಚ್ಚುಗೆಯಾದದ್ದು ಇದೇ. ರೈತನನ್ನು ಬೈದಿದ್ದರೆ ಒಂದು ಕೋಳಿಯೂ ಸಿಗುತ್ತಿರಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿ ಹಳೆಯ ಬ್ಯಾಟರಿ ಪಂಜರಗಳು 2012ರ ಜನವರಿಯಿಂದ ನಿಷೇಧವಾದವು. ಅವುಗಳಲ್ಲಿ ಒಂದು ಕೋಳಿಗೆ 550 ಚದರ ಸೆಂಟಿಮೀಟರ್ ಜಾಗವಿತ್ತು, ಒಂದು ಎ4 ಹಾಳೆಗಿಂತಲೂ ಕಡಿಮೆ. ಬದಲಿಗೆ ಬಂದ ದೊಡ್ಡ ಪಂಜರದಲ್ಲಿ ತಲಾ 750. ಕೂರಲು ಸರಳು, ಮೊಟ್ಟೆ ಇಡಲು ಮರೆ ಸೇರಿಕೊಂಡವು. ಆದರೂ ಪಂಜರ ಪಂಜರವೇ.

ಮನೆಗೆ ಬಂದ ಕೋಳಿಯನ್ನು ನೋಡಿದರೆ ಮರುಕವಾಗುತ್ತದೆ. ಕುತ್ತಿಗೆ ಬೋಳು, ಜುಟ್ಟು ಬಿಳಿಚಿ ಜೋತುಬಿದ್ದಿರುತ್ತದೆ. ಸ್ವೆಟರ್ ಹೆಣೆದು ತೊಡಿಸಿದವರೂ ಇದ್ದಾರೆ! ಗರಿ ತಾನಾಗಿ ಬರುತ್ತದೆ. ಕೊಕ್ಕಿನಿಂದ ಗರಿ ತಿದ್ದಿಕೊಳ್ಳುವ ಹಕ್ಕಿಗೆ ಬಟ್ಟೆ ತೊಡಕೇ ಸರಿ. ಮುಸ್ಸಂಜೆ ಗೂಡು ಸೇರಬೇಕೆಂಬುದು ಅದಕ್ಕೆ ತಿಳಿದಿರುವುದಿಲ್ಲ. ಮೊದಲ ಕೆಲವು ದಿನ ಎತ್ತಿಯೇ ಒಳಗಿಡಬೇಕು. ದೇಹದ ಸುಣ್ಣವೆಲ್ಲ ಮೊಟ್ಟೆಯ ಸಿಪ್ಪೆಗೆ ಹೋಗಿ ಮೂಳೆ ಬಡವಾಗಿರುತ್ತದೆ, ಹಾಗಾಗಿ ಕೂರುವ ಕೋಲು ನೆಲಕ್ಕೆ ಹತ್ತಿರವಿರಬೇಕು. ಆದರೆ ಮಣ್ಣನ್ನೇ ಕಾಣದ ಅದೇ ಕೋಳಿ, ಯಾರೂ ಕಲಿಸದೆ, ಗುಂಡಿ ಕೆದಕಿ ಧೂಳಿನಲ್ಲಿ ಹೊರಳಾಡುತ್ತದೆ.

ಅಡುಗೆಮನೆಯ ಉಳಿಕೆಯನ್ನು ಕೋಳಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ರೋಗ ಹರಡೀತೆಂದು ಬ್ರಿಟನ್ನಿನಲ್ಲಿ ಕಾನೂನು ಅದಕ್ಕೆ ಅಡ್ಡವಿದೆ. ಹಕ್ಕಿಜ್ವರದ ಕಾಟದ ನಂತರ ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್‌ನಿಂದ ಒಂದೇ ಕೋಳಿ ಸಾಕಿದರೂ ನೋಂದಣಿ ಕಡ್ಡಾಯವಾಯಿತು.

ಖಾಲಿಯಾದ ಶೆಡ್ಡಿಗೆ ಹೊಸ ಕೋಳಿಗಳು ಬರುತ್ತವಲ್ಲ, ಇದರಿಂದ ಏನಾಯಿತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಫಾರಂನಲ್ಲಿ ಒಂದು ಪಂಜರವೂ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಹಿತ್ತಲಿನಲ್ಲಿ ಅಂಥದ್ದೊಂದು ಕೋಳಿಯನ್ನು ಸಾಕಿದ ಮನೆಯವರು ಅಂಗಡಿಯಲ್ಲಿ ಮೊಟ್ಟೆಯ ಪೆಟ್ಟಿಗೆಯನ್ನು ತಿರುಗಿಸಿ ಓದತೊಡಗುತ್ತಾರೆ.

ದುಃಖವೂ ಇದೆ. ಬಿಡುವಿಲ್ಲದೆ ಮೊಟ್ಟೆಯಿಟ್ಟ ಈ ಕೋಳಿಗಳಿಗೆ ಮೊಟ್ಟೆಚೀಲದ ಸೋಂಕು ಸಾಮಾನ್ಯ, ಹಲವು ಒಂದೆರಡು ವರ್ಷಗಳಲ್ಲೇ ಸಾಯುತ್ತವೆ. ಕೋಳಿ ಒಂಟಿಯಾಗಿರಲಾರದು, ಅದಕ್ಕೇ ಮೂರಕ್ಕಿಂತ ಕಡಿಮೆ ಕೊಡುವುದಿಲ್ಲ. ಮೂರರಲ್ಲಿ ಒಂದೇ ಉಳಿದಾಗ ಆ ಮನೆಯವರು ಮತ್ತೆ ಹೆಸರು ಬರೆಸುತ್ತಾರೆ.