ಬಾಡಿಗೆಯ ಪಿಸ್ತೂಲು

ನಮ್ಮ ಊರುಗಳಲ್ಲಿ ಬಾಡಿಗೆಗೆ ದೊರೆಯುವ ವಸ್ತುಗಳನ್ನು ಎಣಿಸಹೊರಟರೆ ಪಟ್ಟಿ ಉದ್ದವಾದೀತು. ಮದುವೆಯ ಮನೆಗೆ ಕೊಪ್ಪರಿಗೆ, ಜಮಖಾನ, ಶಾಮಿಯಾನ. ನಾಟಕದವರಿಗೆ ಕಿರೀಟ, ಭುಜಕೀರ್ತಿ. ಹಿಂದೆ ಗಂಟೆಗಿಷ್ಟೆಂದು ಸೈಕಲ್ಲು, ದಿನಕ್ಕಿಷ್ಟೆಂದು ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿ. ಇವಕ್ಕೆಲ್ಲ ಒಂದು ಸಮಾನಗುಣ ಉಂಟು. ಹಿಂದಿರುಗಿಸುವಾಗ ತುಸು ಸೊಟ್ಟಗಾಗಿದ್ದರೂ ಲೋಕವೇನೂ ಮುಳುಗುವುದಿಲ್ಲ. ಪಿಸ್ತೂಲು ಸಹ ಈ ಪಟ್ಟಿಗೆ ಸೇರಬಹುದೆಂಬುದನ್ನು ನಾನು ಕಂಡದ್ದು 2024ರ ಬೇಸಗೆಯಲ್ಲಿ, ಅಮೆರಿಕದ ಟೆಕ್ಸಸ್ ಸಂಸ್ಥಾನದ ಡಾಲಸ್ ನಗರದ ಹೊರವಲಯದಲ್ಲಿ.

ನನ್ನ ತಂಗಿ ಅಲ್ಲಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸದಲ್ಲಿದ್ದಾಳೆ. ಹೆಚ್ಚಾಗಿ ರಾತ್ರಿಯ ಪಾಳಿ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಗಳು ದೂರದ ಊರಿನ ಕಾಲೇಜಿನಲ್ಲಿ ಓದುತ್ತಾಳೆ. ಆ ವರ್ಷ ಅದೇ ಬೀದಿಯ ಎರಡು ಮನೆಗಳಿಗೆ ಕಳ್ಳರು ನುಗ್ಗಿದ್ದರು. ಜೊತೆಗೆ ಕೆಲಸ ಮಾಡುವವರೆಲ್ಲ ಒಂದೇ ಬಾಯಿಂದ ಹೇಳಿದರಂತೆ: ಒಂದು ಪಿಸ್ತೂಲು ಕೊಂಡುಕೊ. ಆದರೆ ಕಣ್ಣುಮುಚ್ಚಿ ಕೊಳ್ಳಬೇಡ, ಗುಂಡು ಹಾರಿಸುವ ಅಭ್ಯಾಸದ ಅಂಗಡಿಗೆ ಹೋಗಿ ನಾಲ್ಕು ಬಗೆಯನ್ನು ಬಾಡಿಗೆಗೆ ಪಡೆದು ನೋಡು, ಕೈಗೆ ಒಗ್ಗಿದ್ದನ್ನು ಆರಿಸು. ಸೀರೆಯ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದನ್ನು ಬಲ್ಲವಳಿಗೆ ಈ ಸಲಹೆ ಸಹಜವಾಗಿಯೇ ತೋರಿತು. ನನ್ನನ್ನೂ ಕರೆದಳು. ನಾನು ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯಲ್ಲಿದ್ದು, ನೆಲದ ಮೇಲೆ ಮಲಗಿ .22 ರೈಫಲಿನಿಂದ ಗುಂಡು ಹಾರಿಸಿದವನು. ಅದಕ್ಕಾಗಿಯೇ ಕರೆದಳೆಂದು ಭಾವಿಸಿ ಒಳಗೊಳಗೇ ಸ್ವಲ್ಪ ಹಿಗ್ಗಿದೆ. ನಿಜವಾದ ಕಾರಣ ಬೇರೆಯಿತ್ತು. ಆಕೆ ಮೊದಲೇ ದೂರವಾಣಿಯಲ್ಲಿ ವಿಚಾರಿಸಿದ್ದಳು. ಸ್ವಂತ ಆಯುಧವಿಲ್ಲದೆ ಒಬ್ಬರೇ ಬರುವವರಿಗೆ ಆ ಅಂಗಡಿಯವರು ಪಿಸ್ತೂಲನ್ನು ಬಾಡಿಗೆಗೆ ಕೊಡುವುದಿಲ್ಲ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಆ ಇನ್ನೊಬ್ಬ ನಾನು.

ಗುಂಡು ಹಾರಿಸುವ ಯೋಗ ನನಗಿರಲಿಲ್ಲ. ಪ್ರವಾಸಿಯಾಗಿ ವೀಸಾ ಪಡೆದು ಬಂದ ಪರದೇಶದವನು ಆಯುಧವನ್ನಾಗಲಿ ತೋಟಾವನ್ನಾಗಲಿ ಹಿಡಿಯುವುದನ್ನು ಆ ದೇಶದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ವಿನಾಯಿತಿ ಉಂಟು. ನನಗೆ ಅಲ್ಲಿ ಬೇಟೆಯಾಡಬೇಕಾದದ್ದು ಏನೂ ಇರಲಿಲ್ಲ. ತಂಗಿ ಅಲ್ಲಿನ ಪೌರತ್ವ ಪಡೆದವಳಾದ್ದರಿಂದ ಅವಳಿಗೆ ಅಡ್ಡಿಯಿಲ್ಲ. ಹೀಗಾಗಿ ನಾನು ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕನ್ನಡಕ ಧರಿಸಿ, ಅವಳ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತು ನೋಡಿದವನು. ಕೆಲವನ್ನು ಮುಟ್ಟದೆ ನೋಡುವುದರಿಂದಲೇ ಹೆಚ್ಚು ಕಾಣುತ್ತದೆ.

ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ಅಭ್ಯಾಸದ ಕೋಣೆ. ಅಂಗಡಿಯ ಒಂದು ಗೋಡೆಯ ತುಂಬ ಬಾಡಿಗೆಯ ಪಿಸ್ತೂಲುಗಳು ಪುಸ್ತಕಗಳಂತೆ ಸಾಲಾಗಿ ತೂಗಿದ್ದವು. ಒಂದು ಬಾಡಿಗೆ ಕೊಟ್ಟರೆ ಸಾಕು. ಒಂದನ್ನು ಹಿಂದಿರುಗಿಸಿ ಇನ್ನೊಂದನ್ನು ಪಡೆಯುತ್ತ ಸಂಜೆಯವರೆಗೂ ಬದಲಾಯಿಸಬಹುದು. ತೋಟಾ ಮಾತ್ರ ಅವರಲ್ಲೇ ಕೊಳ್ಳಬೇಕು, ಲಾಭವಿರುವುದು ಅದರಲ್ಲಿಯೇ. ಹೊಣೆಗಾರಿಕೆಯ ಪತ್ರಕ್ಕೆ ರುಜು ಹಾಕಿ, ಸುರಕ್ಷತೆಯ ಪಾಠ ಕೇಳಿ, ಎರಡು ಬಾಗಿಲುಗಳನ್ನು ದಾಟಿ ಒಳಹೊಕ್ಕೆವು. ಮೊದಲ ಬಾಗಿಲು ಮುಚ್ಚಿಕೊಂಡ ಮೇಲೆಯೇ ಎರಡನೆಯದು ತೆರೆಯುತ್ತದೆ, ಸದ್ದು ಹೊರಗೆ ಹೋಗದಿರಲೆಂದು. ಒಳಗೆ ಮನೆಯ ಅಂಕಣಗಳಂತೆ ಸಾಲಾಗಿ ಹತ್ತು ಹನ್ನೆರಡು ಅಂಕಣಗಳು. ಗುಂಡಿಯೊತ್ತಿದರೆ ಕಾಗದದ ಗುರಿ ತಂತಿಯ ಮೇಲೆ ಜಾರುತ್ತ ದೂರ ಸರಿಯುತ್ತದೆ. ಹೊಸಬರಿಗೆ 7 ಗಜ, ಅಂದರೆ 21 ಅಡಿ. ನಮ್ಮ ಹಳೆಯ ಮನೆಗಳ ಪಡಸಾಲೆಯಷ್ಟು.

ಅಲ್ಲಿ ಮೇಲ್ವಿಚಾರಣೆಗೆ ಇದ್ದವರು ವಯಸ್ಸಾದ ಗೃಹಸ್ಥರು. ಅವರು ಹೇಳಿಕೊಟ್ಟ ನಿಯಮಗಳು ಅಮೆರಿಕದ ಜೆಫ್ ಕೂಪರ್ ಎಂಬ ಶಿಕ್ಷಕ ಪ್ರಚಾರಕ್ಕೆ ತಂದ ನಾಲ್ಕು. ಪ್ರತಿಯೊಂದು ಆಯುಧದಲ್ಲೂ ಗುಂಡಿದೆಯೆಂದೇ ತಿಳಿಯಬೇಕು. ನಾಶವಾಗಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು. ಗುರಿ ಕೂಡುವವರೆಗೂ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿಯೇನು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ತಿಳಿದಿರಬೇಕು. ನಮ್ಮ ಮಲೆನಾಡಿನ ಹಿರಿಯರು ತೋಟಾ ಕೋವಿಯನ್ನು ಗೋಡೆಯಿಂದ ಇಳಿಸುವಾಗ ಮಕ್ಕಳಿಗೆ ಗದರುತ್ತಿದ್ದ ಮಾತುಗಳೂ ಇವೇ.

ಮೊದಲು ಅವರು ಕೊಟ್ಟದ್ದು ರೂಗರ್ ಕಂಪನಿಯ .22 ಪಿಸ್ತೂಲು. ಗುಂಡಿನ ಅಡ್ಡಳತೆ ಒಂದು ಅಂಗುಲದ ನೂರರಲ್ಲಿ 22 ಭಾಗ, ಹೆಚ್ಚುಕಡಿಮೆ ಒಂದು ಬಟಾಣಿಯಷ್ಟು. ಸದ್ದು ಸಣ್ಣದು, ಒದೆತ ಇಲ್ಲವೆಂದೇ ಹೇಳಬೇಕು. ಹತ್ತು ಗುಂಡುಗಳೂ ಅಂಗೈಯಗಲದಲ್ಲಿ ಬಿದ್ದವು. ತಂಗಿ ತಿರುಗಿ ನೋಡಿ ನಕ್ಕಳು. ಗಂಡ ಹೋದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಅನಂತರ ಅವಳೇ ಆರಿಸಿಕೊಂಡದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಪುಟ್ಟ .38 ರಿವಾಲ್ವರ್. ಐದೇ ಗುಂಡು, ತೂಕ ಅರ್ಧ ಕಿಲೋಗ್ರಾಂಗಿಂತಲೂ ಕಡಿಮೆ. ಕೈಚೀಲದಲ್ಲಿಟ್ಟುಕೊಳ್ಳಲು ಹೆಂಗಸರಿಗೆ ಇದೇ ತಕ್ಕದ್ದೆಂದು ಅವಳಿಗೆ ಎಲ್ಲರೂ ಹೇಳಿದ್ದರು. ನೋಡಲು ಆಟಿಕೆಯಂತಿತ್ತು. ನಮ್ಮ ಮಲೆನಾಡಿನವರು ‘ಕುದುರೆ’ ಎನ್ನುವ, ಹಿಂಬದಿಯಲ್ಲಿ ಎದ್ದು ನಿಲ್ಲುವ ಭಾಗ ಇದರಲ್ಲಿ ಹೊರಗೆ ಕಾಣುವುದಿಲ್ಲ, ಬಟ್ಟೆಗೆ ಸಿಕ್ಕಿಕೊಳ್ಳದಿರಲೆಂದು ಒಳಗೇ ಅಡಗಿಸಿದ್ದಾರೆ. ಟ್ರಿಗರನ್ನು ಎಳೆಯುವುದೆಂದರೆ ಐದು ಕಿಲೋ ಭಾರವನ್ನು ಒಂದೇ ಬೆರಳಿನಿಂದ ಎತ್ತಿದಂತೆ. ಮೊದಲ ಗುಂಡಿಗೇ ಅವಳ ಎರಡೂ ತೋಳುಗಳು ಮೇಲಕ್ಕೆ ಹಾರಿದವು. ಐದರಲ್ಲಿ ಎರಡು ಕಾಗದವನ್ನೇ ಮುಟ್ಟಲಿಲ್ಲ. ಹೆಬ್ಬೆರಳಿನ ಬುಡ ಕೆಂಪಾಗಿತ್ತು.

ಕಾರಣ ಹೈಸ್ಕೂಲಿನ ಭೌತಶಾಸ್ತ್ರದಲ್ಲಿಯೇ ಇದೆ. ಗುಂಡು ಮುಂದಕ್ಕೆ ಎಷ್ಟು ರಭಸದಿಂದ ಹೋಗುವುದೋ ಅದಕ್ಕೆ ಸಮನಾದ ತಳ್ಳು ಹಿಂದಕ್ಕೂ ಬರಬೇಕು. ಆಯುಧ ಭಾರವಾಗಿದ್ದರೆ ಆ ತಳ್ಳನ್ನು ತಾನೇ ನುಂಗಿಕೊಳ್ಳುತ್ತದೆ. ಹಗುರವಾಗಿದ್ದರೆ ಹಿಡಿದವರ ಕೈಗೆ ದಾಟಿಸುತ್ತದೆ. ಚಿಕ್ಕದು ಸೌಮ್ಯ, ದೊಡ್ಡದು ಉಗ್ರ ಎಂಬ ನಮ್ಮ ಎಣಿಕೆ ಇಲ್ಲಿ ತಲೆಕೆಳಗು. ನಮ್ಮ ದೇಶದಲ್ಲೂ 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಹೆಂಗಸರಿಗಾಗಿಯೇ ಎಂದು ಹೊರತಂದಿತು. ಹಗುರವಾಗಿರುವುದನ್ನೇ ಅದರ ಹಿರಿಮೆಯೆಂದು ಸಾರಿದರು. ಹೆಣ್ಣಿಗೆ ಹಗುರವಾದದ್ದನ್ನು ಕೊಟ್ಟರೆ ಉಪಕಾರವಾಯಿತೆಂದು ಬಗೆಯುವುದು ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಮೂರನೆಯದು ಗ್ಲಾಕ್, 9 ಮಿಲಿಮೀಟರಿನದು. ಇದರ ನಿರ್ಮಾತೃ ಗಾಸ್ಟನ್ ಗ್ಲಾಕ್ ಆಸ್ಟ್ರಿಯಾದವನು. ಮೊದಲು ಪರದೆ ತೂಗುಹಾಕುವ ಸರಳುಗಳನ್ನೂ ಚಾಕುಗಳನ್ನೂ ಮಾಡುತ್ತಿದ್ದವನು. 1980ರ ದಶಕದ ಆರಂಭದಲ್ಲಿ ಅವನ ಪಿಸ್ತೂಲನ್ನು ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡಿತು. ಹಿಡಿಯ ಭಾಗವೆಲ್ಲ ಪ್ಲಾಸ್ಟಿಕ್ಕು. ಬೇರೆಯಾದ ಸುರಕ್ಷತಾ ಕೀಲಿಲ್ಲ. ತಡೆಯೆಲ್ಲ ಟ್ರಿಗರಿನೊಳಗೇ ಅಡಕವಾಗಿದೆ. ‘ಅಣ್ಣ, ಇದಕ್ಕೆ ಚಿಲಕವೇ ಇಲ್ಲವಲ್ಲ!’ ಎಂದಳು ತಂಗಿ. ಅವಳು ಆಡಿದ್ದು ಬಾಗಿಲಿನ ಭಾಷೆ. ಅವಳು ಬಂದಿದ್ದುದೂ ಬಾಗಿಲಿನ ಚಿಂತೆಯಿಂದಲೇ ಅಲ್ಲವೆ?

ಇದರಲ್ಲಿ ಮೇಲ್ವಿಚಾರಕರು ಒಂದು ಪರೀಕ್ಷೆ ನಡೆಸಿದರು. ನಿಜವಾದ ತೋಟಾಗಳ ನಡುವೆ ಅವಳಿಗೆ ತಿಳಿಯದಂತೆ ಮದ್ದಿಲ್ಲದ ಒಂದು ಹುಸಿ ತೋಟಾವನ್ನು ಸೇರಿಸಿಟ್ಟರು. ಎರಡು ಹಾರಿದವು. ಮೂರನೆಯದಕ್ಕೆ ಬರಿಯ ‘ಟಕ್’ ಎಂದಿತು. ಆದರೆ ನಳಿಗೆಯ ತುದಿ ತಾನಾಗಿಯೇ ಕೆಳಗೆ ಬಾಗಿತು! ಒದೆತ ಬರುವುದೆಂಬ ಭಯದಿಂದ ಕೈ ಮೊದಲೇ ತಳ್ಳಿಬಿಟ್ಟಿತ್ತು. ಗುಂಡು ಗುರಿತಪ್ಪುವುದು ಬಹುಮಟ್ಟಿಗೆ ಈ ಭಯದಿಂದ. ಗುಂಡು ಹಾರುವಾಗ ಆ ಭಯ ಒದೆತದೊಳಗೆ ಮರೆಯಾಗುತ್ತದೆ; ಹಾರದಿದ್ದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಮುದುಕರು ಏನೂ ಹೇಳಲಿಲ್ಲ. ಹುಸಿ ತೋಟಾವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡರು.

ಕೊನೆಯದು 1911ರ ಮಾದರಿ. ಜಾನ್ ಬ್ರೌನಿಂಗ್ ರೂಪಿಸಿದ್ದು. ಆ ವರ್ಷ ಅಮೆರಿಕದ ಸೈನ್ಯ ಸ್ವೀಕರಿಸಿ 1985ರವರೆಗೆ ಮುಖ್ಯ ಪಿಸ್ತೂಲಾಗಿ ಬಳಸಿತು. .45 ಗುಂಡು, ತೂಕ ಕಿಲೋಗೂ ಮಿಗಿಲು. ಫಿಲಿಪೈನ್ಸಿನ ಯುದ್ಧಗಳಲ್ಲಿ .38 ಗುಂಡು ತಗುಲಿದವರು ನಿಲ್ಲದೆ ಮುನ್ನುಗ್ಗಿದರೆಂಬ ದೂರಿನಿಂದ ಈ ದಪ್ಪ ಗುಂಡು ಬಂತು. ತಂಗಿ ಹೆದರುತ್ತಲೇ ಹಿಡಿದಳು. ಆಶ್ಚರ್ಯವೆಂದರೆ, ಪುಟ್ಟ ರಿವಾಲ್ವರ್ ಕಪಾಳಕ್ಕೆ ಹೊಡೆದಂತೆ ಒದೆದಿದ್ದರೆ ಇದು ಹೆಗಲು ಹಿಡಿದು ಹಿಂದಕ್ಕೆ ಸರಿಸಿದಂತೆ ತಳ್ಳಿತು. ಗುರಿಯೂ ಚೆನ್ನಾಗಿಯೇ ಬಿತ್ತು. ಆದರೆ ಪ್ರತಿ ಸಲ ತುಂಬುವಾಗ ಮೇಲಿನ ಉಕ್ಕಿನ ಭಾಗವನ್ನು ಸ್ಪ್ರಿಂಗಿನ ವಿರುದ್ಧ ಹಿಂದಕ್ಕೆಳೆಯಲು ಅವಳ ಬಲ ಸಾಲಲಿಲ್ಲ.

ಅವಳು ತೋಟಾದ ಪೆಟ್ಟಿಗೆ ಬದಲಾಯಿಸುತ್ತಿದ್ದಾಗ ನಾನು ಹೊರಬಂದು ಗೋಡೆಯನ್ನು ನೋಡುತ್ತ ನಿಂತೆ. ಇಟಲಿಯ ಬೆರೆಟ್ಟಾ ಕಂಪನಿಯ ಒಂದು ಪಿಸ್ತೂಲು ಅಲ್ಲಿತ್ತು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಬಳಕೆಯಾದದ್ದು ಇದೇ ಕಂಪನಿಯದು, 1934ರ ಮಾದರಿ. ಪಕ್ಕದಲ್ಲಿದ್ದ ತರುಣ ಅದನ್ನು ಕೆಳಗಿಳಿಸಿಕೊಂಡು ಒಳಗೆ ಹೋದ. ಅವನಿಗೆ ಅದೊಂದು ಹೆಸರು ಮಾತ್ರ.

ಮುದುಕರು ಕೈ ತೊಳೆಯಲು ಬಂದಾಗ ಮಾತಿಗೆ ಸಿಕ್ಕಿದರು. ಅಭ್ಯಾಸವಾದ ಮೇಲೆ ಸೀಸದ ಪುಡಿ ಹೋಗುವಂತೆ ತಣ್ಣೀರಿನಲ್ಲಿ ತೊಳೆಯಬೇಕಂತೆ. ಒಬ್ಬರೇ ಬಂದವರಿಗೆ ಏಕೆ ಕೊಡುವುದಿಲ್ಲವೆಂದು ಕೇಳಿದೆ. ಅವರು ನೀರು ನಿಲ್ಲಿಸಿ, ಬಾಡಿಗೆಗೆ ಪಡೆದು ತಮ್ಮ ಕಡೆಗೇ ತಿರುಗಿಸಿಕೊಂಡವರುಂಟು ಎಂದರು. ಆ ದೇಶದ ಅನೇಕ ಅಭ್ಯಾಸಸ್ಥಳಗಳಲ್ಲಿ ಇದೇ ಕಾರಣಕ್ಕೆ ಇದೇ ನಿಯಮವಿದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26,328 ಆತ್ಮಹತ್ಯೆಗಳು. ಕಳ್ಳನ ಭಯದಿಂದ ಕೊಂಡ ಪಿಸ್ತೂಲಿನ ಎದುರು ಹೆಚ್ಚಾಗಿ ಬಂದು ನಿಲ್ಲುವವನು ಕಳ್ಳನಲ್ಲ.

ಇಲ್ಲಿಯೇ ನನಗೊಂದು ವಿಚಿತ್ರ ತೋರಿತು. ಮೇಲ್ವಿಚಾರಕರ ಕಣ್ಣೆದುರು ಅರ್ಧ ಗಂಟೆ ಹಿಡಿಯಲು ಜೊತೆಗೊಬ್ಬರು ಬೇಕು. ಅದೇ ಅಂಗಡಿಯ ಮುಂಭಾಗದಲ್ಲಿ ಕೊಂಡು ಮನೆಗೊಯ್ಯಲು ಬೇಡ. ಒಂದು ಫಾರಂ ತುಂಬಬೇಕು. 1998ರಿಂದ ನಡೆದುಬಂದ ವ್ಯವಸ್ಥೆಯಂತೆ ಅಂಗಡಿಯವರು ಎಫ್.ಬಿ.ಐ.ಯನ್ನು ವಿಚಾರಿಸುತ್ತಾರೆ, ಅಪರಾಧದ ದಾಖಲೆ ಮುಂತಾದ ತಡೆಗಳಿಲ್ಲದಿದ್ದರೆ ಹಲವು ವೇಳೆ ಕೆಲವೇ ನಿಮಿಷಗಳಲ್ಲಿ ಒಪ್ಪಿಗೆ ಬರುತ್ತದೆ. ಮನೆಯಲ್ಲಿ ಯಾರಿದ್ದಾರೆಂದು ಆ ಫಾರಂ ಕೇಳುವುದಿಲ್ಲ. ನಮ್ಮಲ್ಲಿಯೋ, 1959ರ ಆಯುಧಗಳ ಕಾಯಿದೆಯ ಕೆಳಗೆ ಬೆಳೆ ಕಾಯಲು ಕೋವಿಯಿಟ್ಟುಕೊಂಡ ಅಡಕೆಯ ತೋಟದವನು ಚುನಾವಣೆ ಬಂತೆಂದರೆ ಅದನ್ನು ಠಾಣೆಗೊಯ್ದು ಒಪ್ಪಿಸಿ ರಸೀದಿ ಪಡೆಯಬೇಕು. ಆ ಅವಧಿಯಲ್ಲಿ ಹಂದಿಗಳಿಗೆ ಹಬ್ಬ. ಕೊಡಗಿನವರಿಗೆ ವಿನಾಯಿತಿಯುಂಟು, ಕೈಲ್‌ಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಅದು ಮನೆತನದ ವಸ್ತು. ಹತ್ತು ಜನರ ನಡುವೆ ಇರುವಂಥದು.

ದಾರಿಯಲ್ಲಿ ತಂಗಿ ಕೇಳಿದಳು: ‘ಯಾವುದು ತೆಗೆದುಕೊಳ್ಳಲಿ, ಅಣ್ಣ?’

‘ಯಾವುದೂ ಬೇಡ’ ಎಂದೆ. ಮುದುಕರು ಹೇಳಿದ್ದನ್ನೂ ಹೇಳಿದೆ.

ಬಹಳ ಹೊತ್ತು ಸುಮ್ಮನೆ ಕಾರು ನಡೆಸಿದಳು. ಆಮೇಲೆ, ‘ನಾನು ಅಂಥವಳೆಂದು ನಿನಗೆ ಅನ್ನಿಸುತ್ತದೆಯೇ?’ ಎಂದಳು.

‘ಇಲ್ಲ. ಆದರೆ ಅವರು ನಿನ್ನ ಮುಖ ನೋಡಿ ಆ ನಿಯಮ ಮಾಡಿದ್ದಲ್ಲ.’

‘ರಾತ್ರಿ ಎರಡು ಗಂಟೆಗೆ ಹಿಂಬಾಗಿಲು ಸದ್ದಾದರೆ ನೀನು ಮೈಸೂರಿನಲ್ಲಿರುತ್ತೀಯೆ’ ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ನಾನು ಹಿಂದಿರುಗುವವರೆಗೆ ಅವಳು ಕೊಳ್ಳಲಿಲ್ಲ. ಹಿಂಬಾಗಿಲಿಗೆ ಎರಡನೆಯ ಬೀಗ ಹಾಕಿಸಿದಳು. ಈಗ ತಿಂಗಳಿಗೊಮ್ಮೆ ಆಸ್ಪತ್ರೆಯ ಗೆಳತಿಯೊಬ್ಬಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೋಗಿ, 9 ಮಿಲಿಮೀಟರಿನದನ್ನು ಬಾಡಿಗೆಗೆ ಪಡೆದು 50 ಗುಂಡು ಹಾರಿಸಿ ಬರುತ್ತಾಳೆ. ಮುದುಕರು ಈಗಲೂ ಹುಸಿ ತೋಟಾ ಸೇರಿಸಿಡುತ್ತಾರಂತೆ. ಹೋದ ತಿಂಗಳು ನಳಿಗೆ ಅಲುಗಲಿಲ್ಲವೆಂದು ದೂರವಾಣಿಯಲ್ಲಿ ಹೇಳಿದಳು. ಕೊಳ್ಳುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.