ವಿಕ್ಟೋರಿಯನ್ ಮುದ್ರಿತ ಪಿಂಗಾಣಿ ತಟ್ಟೆಗಳ ಸಂಗ್ರಹ

ವಿಕ್ಟೋರಿಯನ್ ಮುದ್ರಿತ ಪಿಂಗಾಣಿ ತಟ್ಟೆಗಳು ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಅವಧಿಯಲ್ಲಿ (1837–1901) ತಯಾರಾದ, ತಾಮ್ರಫಲಕದಿಂದ ಚಿತ್ರವನ್ನು ಅಚ್ಚೊತ್ತಿ ಅಲಂಕರಿಸಿದ ತಟ್ಟೆಗಳಾಗಿವೆ. ಇವುಗಳ ಪ್ರಮುಖ ಕೇಂದ್ರ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ಇಂದಿನ ಸ್ಟೋಕ್-ಆನ್-ಟ್ರೆಂಟ್. ಹಲವು ಹಳೆಯ ವಿನ್ಯಾಸಗಳನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ಮುದ್ರಿಸಲಾದ್ದರಿಂದ, ಸಂಗ್ರಾಹಕರಿಗೆ ತಟ್ಟೆಯ ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ಮುಖ್ಯವಾಗಿದೆ.

ತಯಾರಿಕೆ

ಕೆತ್ತಿದ ತಾಮ್ರಫಲಕವನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಅದಕ್ಕೆ ತುಂಬಿ, ತೆಳುಕಾಗದದ ಮೇಲೆ ಅಚ್ಚೊತ್ತಲಾಗುತ್ತಿತ್ತು. ಆ ಕಾಗದವನ್ನು ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ, ಬ್ರಷ್‌ನಿಂದ ತಿಕ್ಕಿ, ನೀರಿನಲ್ಲಿ ತೊಳೆದು ತೆಗೆಯುತ್ತಿದ್ದರು. ಈ ಕೆಲಸವನ್ನು ಹೆಚ್ಚಾಗಿ ಮಹಿಳೆಯರು ನಿರ್ವಹಿಸುತ್ತಿದ್ದರು. ಬಳಿಕ ಗಾಜಿನಂತಹ ಲೇಪನ ಕೊಟ್ಟು ಮತ್ತೆ ಸುಡಲಾಗುತ್ತಿತ್ತು. ಅಂಚಿನ ಬಳ್ಳಿಯ ವಿನ್ಯಾಸವು ಎಲ್ಲಿಯಾದರೂ ಸರಿಯಾಗಿ ಕೂಡದೆ ತುಂಡಾದಂತೆ ಕಂಡರೆ, ಅದು ಕಾಗದದ ಎರಡು ತುದಿಗಳು ಸೇರಿದ ಸ್ಥಳ. ಇದನ್ನು ದೋಷವೆನ್ನುವುದಕ್ಕಿಂತ ಕೈಕೆಲಸದ ಸಾಕ್ಷ್ಯವೆನ್ನುವುದು ಸೂಕ್ತ.

ಚಿತ್ರಗಳು

ಆರಂಭದಲ್ಲಿ ಕುಂಬಾರಿಕೆಯ ಕಾರ್ಖಾನೆಗಳು ಪುಸ್ತಕಗಳ ಚಿತ್ರಗಳನ್ನು ಸಂಕೋಚವಿಲ್ಲದೆ ನಕಲು ಮಾಡುತ್ತಿದ್ದವು. ಸ್ಪೋಡ್ ಸಂಸ್ಥೆಯ ಭಾರತೀಯ ಬೇಟೆಯ ದೃಶ್ಯಗಳು ಥಾಮಸ್ ವಿಲಿಯಮ್ಸನ್ನನ ಗ್ರಂಥದಿಂದ ಬಂದವು. 1842ರ ಹಕ್ಕುಸ್ವಾಮ್ಯ ಕಾಯಿದೆಯ ನಂತರ ಇದು ಕಷ್ಟವಾಯಿತು. ಎಲ್ಲಿಯೂ ಇಲ್ಲದ ಸರೋವರ, ಗೋಪುರ ಮತ್ತು ಬೆಟ್ಟಗಳ ಕಾಲ್ಪನಿಕ ದೃಶ್ಯಗಳು ಹೆಚ್ಚಾದವು. 1870ರ ದಶಕದಿಂದ ಜಪಾನಿ ಪ್ರಭಾವದ ಬೀಸಣಿಗೆ, ಬಿದಿರು ಮತ್ತು ಹಕ್ಕಿಗಳು ಕಂಡುಬರುತ್ತವೆ. ಪ್ರಸಿದ್ಧ ‘ವಿಲ್ಲೋ’ ವಿನ್ಯಾಸವು ವಿಕ್ಟೋರಿಯಾಳಿಗಿಂತ ಹಳೆಯದು. ಅದರೊಂದಿಗೆ ಹೇಳಲಾಗುವ ಪ್ರೇಮಕಥೆ ಚೀನಾದ್ದಲ್ಲ, ಇಂಗ್ಲೆಂಡಿನಲ್ಲಿಯೇ ಹುಟ್ಟಿದ್ದು.

ಕಾಲನಿರ್ಣಯ

1842ರಿಂದ 1883ರವರೆಗೆ ನೋಂದಾಯಿತ ವಿನ್ಯಾಸಗಳಿಗೆ ವಜ್ರಾಕೃತಿಯ ಮುದ್ರೆಯಿತ್ತು. ಅದರ ತುದಿಯ ವೃತ್ತದಲ್ಲಿರುವ ರೋಮನ್ ಅಂಕಿ ನಾಲ್ಕು ಮಣ್ಣಿನ ಸಾಮಗ್ರಿಯ ವರ್ಗವನ್ನು ಸೂಚಿಸುತ್ತದೆ. ವರ್ಷದ ಅಕ್ಷರವು 1867ರವರೆಗೆ ಮೇಲಿನ ಮೂಲೆಯಲ್ಲಿಯೂ 1868ರಿಂದ ಬಲಮೂಲೆಯಲ್ಲಿಯೂ ಇರುತ್ತದೆ. ಮಾರಾಟಗಾರರು ಇದನ್ನೇ ತಯಾರಿಕೆಯ ದಿನಾಂಕವೆಂದು ಹೇಳುವುದುಂಟು. ಆದರೆ ಅದು ವಿನ್ಯಾಸವು ನೋಂದಣಿಯಾದ ದಿನ ಮಾತ್ರ. ತಟ್ಟೆಯು ಅನೇಕ ವರ್ಷಗಳ ನಂತರದ್ದಾಗಿರಬಹುದು. 1884ರಿಂದ ವಜ್ರದ ಬದಲು ಕ್ರಮಸಂಖ್ಯೆ ಬಂದಿತು.

ಅಮೆರಿಕದ ಮೆಕಿನ್ಲಿ ಸುಂಕ ಕಾಯಿದೆಯು ಆಮದಾದ ವಸ್ತುಗಳ ಮೇಲೆ ದೇಶದ ಹೆಸರನ್ನು ಕಡ್ಡಾಯಗೊಳಿಸಿದ್ದರಿಂದ, 1891ರ ನಂತರ ‘ಇಂಗ್ಲೆಂಡ್’ ಎಂಬ ಪದ ಸಾಮಾನ್ಯವಾಯಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಅದು ಬಹುತೇಕ ಇಪ್ಪತ್ತನೆಯ ಶತಮಾನದ್ದು. ಮುದ್ರೆಯಲ್ಲಿ ಕಾಣುವ ಹದಿನೆಂಟನೆಯ ಶತಮಾನದ ಇಸವಿಯು ಸಾಮಾನ್ಯವಾಗಿ ಸಂಸ್ಥೆಯ ಸ್ಥಾಪನೆಯ ವರ್ಷವೇ ಹೊರತು ತಟ್ಟೆಯದಲ್ಲ. ಹೆಚ್ಚು ನಂಬಲರ್ಹವಾದವು ಮಣ್ಣಿನಲ್ಲಿಯೇ ಒತ್ತಿದ ಸಂಕೇತಗಳು: ಮಿಂಟನ್ ಸಂಸ್ಥೆಯು 1842ರಿಂದ ವರ್ಷಕ್ಕೊಂದು ಚಿಹ್ನೆಯನ್ನೂ, ವೆಜ್‌ವುಡ್ 1860ರಿಂದ ಮೂರಕ್ಷರದ ಸಂಕೇತವನ್ನೂ ಬಳಸಿದವು.

ಸಂರಕ್ಷಣೆ

ಲೇಪನದ ಸೂಕ್ಷ್ಮ ಬಿರುಕುಗಳ ಮೂಲಕ ನುಸುಳಿದ ಕಂದು ಕಲೆಗಳನ್ನು ಕ್ಲೋರಿನ್ ಬ್ಲೀಚ್‌ನಿಂದ ತೆಗೆಯಲು ಯತ್ನಿಸಿದರೆ ಲೇಪನವೇ ಏಳಬಹುದು. ಆ ಕಾಲದ ಲೇಪನಗಳಲ್ಲಿ ಸೀಸವಿರುತ್ತಿದ್ದ ಕಾರಣ ಇವುಗಳಲ್ಲಿ ಊಟ ಮಾಡುವುದು, ವಿಶೇಷವಾಗಿ ಹುಳಿ ಪದಾರ್ಥಗಳನ್ನು ಬಡಿಸುವುದು, ಸುರಕ್ಷಿತವಲ್ಲ.