ಗಲ್ಲದ ಶಸ್ತ್ರ: ಕಣ್ಕಟ್ಟೂ ಅಲ್ಲ, ಪವಾಡವೂ ಅಲ್ಲ

ಕಳಸಾಪುರ, ಲಕ್ಷ್ಮೇಶ್ವರದ ಈ ಸೀಮೆಯಲ್ಲಿ ವೀರಭದ್ರ ಮನೆದೇವರಾಗಿರುವ ಮನೆತನಗಳು ಬಹಳ. ಅಂಥ ಮನೆಯಲ್ಲಿ ಮದುವೆಯೆಂದರೆ ದೇವರ ಮೆರವಣಿಗೆಯಾದ ಗುಗ್ಗುಳ ಹೊರಡುತ್ತದೆ. ಸಮಾಳವೆಂಬ ವಾದ್ಯದ ಬಡಿತಕ್ಕೆ ವೀರಭದ್ರನ ಕುಣಿತದ ಕಲಾವಿದರಾದ ಪುರವಂತರು ಕುಣಿಯುತ್ತಾರೆ, ಗಲ್ಲಕ್ಕೆ, ನಾಲಿಗೆಗೆ ಮೊನಚಾದ ಶಸ್ತ್ರ ಹಾಕಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಅದರ ತುಣುಕು ನೋಡಿದವರು ಆಡುವ ಕೆಲವು ಮಾತುಗಳನ್ನು ತಿದ್ದಲೇಬೇಕು.

ತಪ್ಪು ಕಲ್ಪನೆ: ಅದು ಕಣ್ಕಟ್ಟು. ನಿಜಕ್ಕೂ ಚುಚ್ಚಿದ್ದರೆ ರಕ್ತ ಸುರಿಯಬೇಕಿತ್ತು.

ವಾಸ್ತವ: ನಿಜಕ್ಕೂ ಚುಚ್ಚುತ್ತಾರೆ. ಹತ್ತಿರ ನಿಂತು ನೋಡಬೇಕು. ಹಿರಿಯರೊಬ್ಬರು ಗಲ್ಲವನ್ನು ಬೆರಳಲ್ಲಿ ಹಿಡಿದು ಹೊರಕ್ಕೆಳೆದು, ಭಸ್ಮ ಒತ್ತಿ, ಮೊನೆಯನ್ನು ಅಲುಗಿಸದೆ ಒಂದೇ ನೇರಕ್ಕೆ ದಾಟಿಸುತ್ತಾರೆ. ತೆಳ್ಳಗಿನ ದುಂಡು ಮೊನೆ ಮಾಂಸವನ್ನು ಚಾಕುವಿನ ಹಾಗೆ ಕೊಯ್ಯುವುದಿಲ್ಲ, ಸರಿಸಿಕೊಂಡು ಒಳಹೋಗುತ್ತದೆ. ಒಳಗಿರುವಷ್ಟು ಹೊತ್ತು ಶಸ್ತ್ರವೇ ಗಾಯವನ್ನು ಒತ್ತಿ ಹಿಡಿದಿರುತ್ತದೆ. ದೊಡ್ಡ ರಕ್ತನಾಳ ತಪ್ಪಿಸಿ ಎಲ್ಲಿ ಚುಚ್ಚಬೇಕೆಂಬುದು ಹಿರಿಯರ ಪಕ್ಕ ನಿಂತು ಕಲಿತ ವಿದ್ಯೆ. ಗಲ್ಲದಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯವೂ ಬೇಗ ಮಾಯುತ್ತದೆ.

ತಪ್ಪು ಕಲ್ಪನೆ: ಮೈದುಂಬಿದವರಿಗೆ ನೋವೇ ತಿಳಿಯುವುದಿಲ್ಲ.

ವಾಸ್ತವ: ನೋವು ಇದ್ದೇ ಇದೆ, ಅದರ ಬಿಸಿ ತಗ್ಗುತ್ತದೆ ಅಷ್ಟೇ. ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಡೆಯಬಲ್ಲ ಬಾಗಿಲಿನಂಥ ವ್ಯವಸ್ಥೆಯಿದೆ ಎಂದು ವಿಜ್ಞಾನಿಗಳಾದ ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ಹೇಳಿದರು. ಮನಸ್ಸು ಎಲ್ಲಿ ನೆಟ್ಟಿದೆ ಎಂಬುದರ ಮೇಲೂ ಆ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಸಮಾಳದ ಸದ್ದು, ಕುಣಿತದ ಕಾವು, ಹರಕೆಯ ಗಟ್ಟಿತನ ಎಲ್ಲವೂ ಅಲ್ಲಿ ಕೆಲಸ ಮಾಡುತ್ತವೆ. ನೋವೇ ಇಲ್ಲವೆಂದರೆ ಆ ಕಲಾವಿದರ ಎದೆಗಾರಿಕೆಯನ್ನೇ ಅಲ್ಲಗಳೆದಂತೆ. ಇದು ನಾನು ಸಹಿಸದ ಮಾತು.

ತಪ್ಪು ಕಲ್ಪನೆ: ಮೈಯನ್ನೇ ಕಲೆಯಾಗಿಸಿದವರು ಪಶ್ಚಿಮದವರು.

ವಾಸ್ತವ: 1971ರಲ್ಲಿ ಕ್ಯಾಲಿಫೋರ್ನಿಯಾದ ಕಲಾವಿದ ಕ್ರಿಸ್ ಬರ್ಡನ್ ಗೆಳೆಯನ ಕೈಯಿಂದ ತೋಳಿಗೆ ಗುಂಡು ಹೊಡೆಸಿಕೊಂಡರು. 1974ರಲ್ಲಿ ಕಲಾವಿದೆ ಮರೀನಾ ಅಬ್ರಮೋವಿಚ್ ನೇಪಲ್ಸ್‌ನಲ್ಲಿ 72 ವಸ್ತುಗಳನ್ನು ಮೇಜಿನ ಮೇಲಿಟ್ಟು, ಏನು ಬೇಕಾದರೂ ಮಾಡಿ ಎಂದು ಆರು ತಾಸು ನಿಂತರು. ಬಂದವರು ಬಟ್ಟೆ ಕತ್ತರಿಸಿದರು, ಮೈ ಗಾಯಗೊಳಿಸಿದರು. ದೊಡ್ಡ ಪ್ರಯೋಗಗಳೇ ಅವು. ಅಲ್ಲಿ ಪರೀಕ್ಷೆಗೆ ಒಳಗಾದವರು ನೋಡುಗರು. ಆದರೆ ಗುಗ್ಗುಳದಲ್ಲೂ ಮೈಯೇ ಕಲೆ, ಇಲ್ಲಿ ನೋಡುಗರು ದೂರ ನಿಲ್ಲುವುದೂ ಇಲ್ಲ: ಹರಕೆಯ ಮನೆಯವರೇ ಕೊಡ ಹೊತ್ತು ಪುರವಂತರ ಜೊತೆ ಹೆಜ್ಜೆ ಹಾಕುತ್ತಾರೆ, ಒಮ್ಮೊಮ್ಮೆ ತಾವೂ ಶಸ್ತ್ರ ಹಾಕಿಸಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಶಸ್ತ್ರ ಹಾಕಿಕೊಳ್ಳುವುದೇ ಪುರವಂತಿಕೆ.

ವಾಸ್ತವ: ವೀರಭದ್ರನ ಕಥೆ ಹೇಳುವ ಒಡಪು ಬಾರದವರು ಪುರವಂತರಾಗುವುದಿಲ್ಲ. ದಕ್ಷಯಜ್ಞದ ಕಥೆಯನ್ನು ಉಸಿರು ಕಟ್ಟಿ, ಕತ್ತಿ ಝಳಪಿಸುತ್ತ, ನೆನಪಿನಿಂದಲೇ ಹೇಳಬೇಕು. ಮೊಬೈಲಿನವರು ಅಷ್ಟು ಹೊತ್ತು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಭಸ್ಮ ಹಚ್ಚಿದರೆ ನಂಜಾಗುವುದಿಲ್ಲ.

ವಾಸ್ತವ: ಭಸ್ಮ ನಂಜನ್ನು ತಡೆಯುವುದಿಲ್ಲ. ಒಬ್ಬರಿಗೆ ಹಾಕಿದ ಶಸ್ತ್ರವನ್ನು ಹಾಗೆಯೇ ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ, ಎಚ್‌ಐವಿ ದಾಟಬಹುದು. ಧನುರ್ವಾಯುವಿನ ಭಯವೂ ಇದೆ. ಪೆಂಡಾಲಿಗೆ, ಊಟಕ್ಕೆ ಕೈಬಿಚ್ಚಿ ಖರ್ಚು ಮಾಡುವ ಮನೆಯವರು ತಲೆಗೊಂದು ಹೊಸ ಶಸ್ತ್ರ ತರಿಸಲಿ, ಪುರವಂತರಿಗೆ ಮೊದಲೇ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಲಿ.